ಬೆಳಿಗ್ಗೆ ಐದೂವರೆಗೆ ತಾನಾಗೇ ಸರಿಹೋಗುತ್ತಿದ್ದ ಬಗ್

ರಕ್ತಪರೀಕ್ಷೆ ಲ್ಯಾಬೊಂದರ ಬುಕಿಂಗ್ ಆ್ಯಪ್ ನೋಡಿಕೊಳ್ಳುವ ಕೆಲಸ ನನ್ನದು. ಖಾಲಿ ಹೊಟ್ಟೆಯ ಟೆಸ್ಟಿಗೆ ಜನ ನಸುಕಿನಲ್ಲೇ ಸ್ಲಾಟ್ ಹುಡುಕುತ್ತಾರೆ. ಐದು ಗಂಟೆಗೆ ತೆರೆದವರಿಗೆ ಕ್ಯಾಲೆಂಡರ್ ನಿನ್ನೆಯ ತಾರೀಖನ್ನೇ 'ಇವತ್ತು' ಅಂತ ತೋರಿಸುತ್ತಿತ್ತು. ನಾವು ಆಫೀಸಿಗೆ ಬಂದು ನೋಡುವಷ್ಟರಲ್ಲಿ ಎಲ್ಲ ಸರಿ. ಸಪೋರ್ಟ್‌ನವರು "ಒಂದ್ಸಲ ರಿಫ್ರೆಶ್ ಮಾಡಿ ಸಾರ್" ಅನ್ನುತ್ತಿದ್ದರು. ಐದೂವರೆ ದಾಟಿದ್ದರೆ ಅದು ಕೆಲಸವನ್ನೂ ಮಾಡುತ್ತಿತ್ತು!

ದೂರುಗಳ ಸಮಯ ಜೋಡಿಸಿ ನೋಡಿದೆ. ಎಲ್ಲವೂ ಮಧ್ಯರಾತ್ರಿಯಿಂದ ಐದೂವರೆಯೊಳಗೆ. ಅಲ್ಲಿಗೆ ಯುಟಿಸಿ, ಅಂದರೆ ನಮಗಿಂತ ಐದೂವರೆ ತಾಸು ಹಿಂದಿರುವ ಜಾಗತಿಕ ಸಮಯ, ಸಿಕ್ಕಿಬಿತ್ತು. ಇವತ್ತಿನ ತಾರೀಖಿಗಾಗಿ ಕೋಡ್‌ನಲ್ಲಿ ಟು-ಐಎಸ್ಒ-ಸ್ಟ್ರಿಂಗ್ (ತಾರೀಖು-ಸಮಯವನ್ನು ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲಾಗಿ ಕೊಡುವ ಆಜ್ಞೆ) ಕರೆದು ಮೊದಲ ಹತ್ತು ಅಕ್ಷರ ಕತ್ತರಿಸಿಕೊಂಡಿದ್ದರು. ಅದು ಕೊಡುವುದು ಯಾವಾಗಲೂ ಯುಟಿಸಿ. ನಮ್ಮಲ್ಲಿ ಜೂನ್ 10ರ ಬೆಳಿಗ್ಗೆ 5 ಅಂದರೆ ಅಲ್ಲಿ ಇನ್ನೂ ಜೂನ್ 9ರ ರಾತ್ರಿ 11.30.

ಇದರ ತದ್ವಿರುದ್ಧ ಕಾಟ ಅಮೆರಿಕದಿಂದ. ಊರಲ್ಲಿರುವ ಅಪ್ಪ ಅಮ್ಮನಿಗೆ ಮಕ್ಕಳು ಅಲ್ಲಿಂದ ಬುಕ್ ಮಾಡುತ್ತಾರೆ. "2024-06-10" ಎಂಬ ಬರೀ ತಾರೀಖನ್ನು, ನಮ್ಮ ಕೋಡ್‌ನ ಭಾಷೆಯಾದ ಜಾವಾಸ್ಕ್ರಿಪ್ಟ್‌ನಲ್ಲಿ ತಾರೀಖು-ಸಮಯ ಹಿಡಿದಿಡುವ ಡೇಟ್ ಆಬ್ಜೆಕ್ಟ್‌ಗೆ ಕೊಟ್ಟರೆ ಅದನ್ನು ಯುಟಿಸಿ ಮಧ್ಯರಾತ್ರಿ ಎಂದು ಓದುತ್ತದೆ. ನ್ಯೂಯಾರ್ಕ್‌ನ ಪರದೆಯಲ್ಲಿ ಜೂನ್ 9ರ ರಾತ್ರಿ 8. ಅದೇ ಸ್ಟ್ರಿಂಗ್‌ಗೆ ಸಮಯ ಸೇರಿಸಿದರೆ ಸ್ಥಳೀಯ ಹೊತ್ತು ಎಂದು ಓದುತ್ತದೆ. ಈ ನಿಯಮ ಮಾಡಿದವರಿಗೆ ನನ್ನದೊಂದು ದೊಡ್ಡ ನಮಸ್ಕಾರ.

ಹಾಗಾಗಿ ತಾರೀಖನ್ನು ಡೇಟ್ ಆಬ್ಜೆಕ್ಟ್ ಮಾಡುವುದನ್ನೇ ಬಿಟ್ಟೆ. ವರ್ಷ-ತಿಂಗಳು-ದಿನದ ಸ್ಟ್ರಿಂಗ್ ಆಗಿಯೇ ಇಟ್ಟರೆ ಹಿಂದು-ಮುಂದು ಹೋಲಿಸಲು ಅಕ್ಷರಕ್ರಮವೇ ಸಾಕು. ಕ್ಯಾಲೆಂಡರ್‌ನಲ್ಲಿ ಆಯ್ದ ದಿನಕ್ಕೆ ಬಣ್ಣ ಬಾರದ ಇನ್ನೊಂದು ಬಗ್ ಇತ್ತು, ಅದೂ ಸರಿಹೋಯಿತು: ಎರಡು ಡೇಟ್ ಆಬ್ಜೆಕ್ಟ್‌ಗಳ ನಡುವೆ ಮೂರು ಸಮಚಿಹ್ನೆ ಹಾಕಿ 'ಎರಡೂ ಒಂದೇನಾ' ಎಂದು ಕೇಳಿದರೆ, ಒಳಗಿನ ಹೊತ್ತು ಒಂದೇ ಇದ್ದರೂ ಉತ್ತರ 'ಅಲ್ಲ'. 'ಇವತ್ತು' ಯಾವುದೆಂದು ಇಂಟ್ಲ್ ಫಾರ್ಮ್ಯಾಟರ್‌ಗೆ (ಕೇಳಿದ ವಲಯದ ತಾರೀಖು ಬರೆದುಕೊಡುವ ಜಾವಾಸ್ಕ್ರಿಪ್ಟ್ ಸಲಕರಣೆ) ಭಾರತದ ಸಮಯ ವಲಯವಾದ ಏಷ್ಯಾ/ಕೋಲ್ಕತಾ ಕೊಟ್ಟು ಕೇಳುತ್ತೇನೆ. ಲ್ಯಾಬ್ ಇಲ್ಲಿರುವಾಗ ಬುಕ್ ಮಾಡುವವರು ಎಲ್ಲಿದ್ದರೇನು?

ಇನ್ನೊಂದು ಉಳಿದಿತ್ತು. ನವೆಂಬರ್ ಪುಟದಲ್ಲಿ ಅಮೆರಿಕದವರಿಗೆ 3ನೇ ತಾರೀಖು ಎರಡು ಸಲ ಕಾಣುತ್ತಿತ್ತು. ಮುಂದಿನ ದಿನಕ್ಕೆ ಹೋಗಲು ಕೋಡ್ 8,64,00,000 ಮಿಲಿಸೆಕೆಂಡ್ ಕೂಡಿಸುತ್ತಿತ್ತು. 2024ರ ನವೆಂಬರ್ 3ರಂದು ಅಲ್ಲಿ ಗಡಿಯಾರ ಒಂದು ತಾಸು ಹಿಂದೆ ಸರಿದು ದಿನಕ್ಕೆ 25 ಗಂಟೆ. ಮಧ್ಯರಾತ್ರಿಗೆ 24 ಗಂಟೆ ಕೂಡಿಸಿದರೆ ಅದೇ ದಿನ ರಾತ್ರಿ 11. ಸೆಟ್‌-ಡೇಟ್‌ನಿಂದ (ದಿನದ ಅಂಕಿ ಬದಲಿಸುವ ಆಜ್ಞೆ) ಅಂಕಿಗೆ ಒಂದು ಕೂಡಿಸಿದ್ದೇ ತಡ, 4 ಬಂತು.

ಟೆಂಪೋರಲ್‌ನ ಪ್ಲೇನ್‌-ಡೇಟ್ (ಜಾವಾಸ್ಕ್ರಿಪ್ಟ್‌ಗೆ ಹೊಸದಾಗಿ ಬಂದ, ಸಮಯವಿಲ್ಲದ ಬರೀ ತಾರೀಖು) ಇರುವುದೇ ಇಂಥದ್ದಕ್ಕೆ, ಆದರೆ ನಮ್ಮ ಗ್ರಾಹಕರ ಹಳೇ ಫೋನ್‌ಗಳಲ್ಲಿ ಅದಿಲ್ಲ. ಸದ್ಯಕ್ಕೆ ಸ್ಟ್ರಿಂಗೇ ಇರಲಿ. ಕೋಡ್‌ನ ಟೆಸ್ಟ್‌ಗಳನ್ನು ಮಾತ್ರ ಕೋಲ್ಕತಾ, ನ್ಯೂಯಾರ್ಕ್ ಎರಡೂ ವಲಯದಲ್ಲಿ, ಗಡಿಯಾರವನ್ನು ನಸುಕಿನ ಐದಕ್ಕೆ ನಿಲ್ಲಿಸಿ ಓಡಿಸುತ್ತೇನೆ.