ಎಐ ತರುವ ಮೊದಲು ಹಾಲಿನ ಚೀಟಿ ನೋಡಿ

ಮದ್ದೂರು ತಾಲ್ಲೂಕಿನ ನಮ್ಮೂರ ಡೈರಿಯಲ್ಲಿ ಬೆಳಿಗ್ಗೆ ಆರೂವರೆಗೆ ಚಿಕ್ಕಮ್ಮ ಕ್ಯಾನ್ ಇಟ್ಟು ‘ನಲವತ್ತೇಳು’ ಅಂತಾರೆ. ಹೆಸರು ಯಾರೂ ಕೇಳುವುದಿಲ್ಲ. ಹಾಲು ತೂಗುತ್ತಾರೆ, ಸ್ಯಾಂಪಲ್ ಯಂತ್ರಕ್ಕೆ ಇಡುತ್ತಾರೆ. ಫ್ಯಾಟ್ ಇಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಇಷ್ಟು ಎಂದು ಚೀಟಿ ಬರುತ್ತದೆ. ಆ ಚೀಟಿಯಲ್ಲಿರುವ ಹೆಸರು ಮಾತ್ರ ಚಿಕ್ಕಮ್ಮನದಲ್ಲ, ಅವರ ಅತ್ತೆಯದು. ಅತ್ತೆ ತೀರಿಕೊಂಡು ಹನ್ನೊಂದು ವರ್ಷವಾಯಿತು. ಕಂಪ್ಯೂಟರಿನ ಪ್ರಕಾರ ಅವರು ಇವತ್ತಿಗೂ ದಿನಕ್ಕೆ ಎರಡು ಹೊತ್ತು ತಪ್ಪದೆ ಹಾಲು ಹಾಕುತ್ತಿದ್ದಾರೆ.

ಊರಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ಕಾರ್ಯದರ್ಶಿಗೆ ಗೊತ್ತು, ಹಾಲು ಹಾಕುವವರಿಗೆಲ್ಲ ಗೊತ್ತು. ಇಂಥ ಲಕ್ಷಗಟ್ಟಲೆ ಚೀಟಿಗಳನ್ನು ಒಂದು ಕಡೆ ಸುರಿದು, ‘ಇದರ ಮೇಲೆ ಎಐ ಓಡಿಸಿ’ ಎಂದು ದೊಡ್ಡ ಆಫೀಸಿನಲ್ಲಿ ಯಾರಾದರೂ ಹೇಳಿದಾಗ ಫಜೀತಿ ಶುರುವಾಗುತ್ತದೆ.

ನಾನು ಮೈಸೂರಿನಲ್ಲಿ ಕೂತು ಬೇರೆ ಬೇರೆ ಸಂಸ್ಥೆಗಳ ಲೆಕ್ಕಪತ್ರ, ಡೇಟಾ ಸರಿಮಾಡುವ ಕೆಲಸ ಮಾಡುವವನು. ಈಚೆಗೆ ಯಾರು ಸಿಕ್ಕರೂ ಒಂದೇ ಪ್ರಶ್ನೆ: ‘ಯಾವ ಎಐ ತಗೊಳ್ಳೋಣ?’ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಅದಕ್ಕೂ ಮುಂಚೆ ಮಾಡಬೇಕಾದ ಕೆಲಸ ಏನೇನಿದೆ ಎಂದು ಹೇಳುತ್ತೇನೆ. ಉದಾಹರಣೆಗೆ ಒಂದು ಹಾಲು ಒಕ್ಕೂಟ ಇಟ್ಟುಕೊಳ್ಳೋಣ, ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ಸಕ್ಕರೆ ಕಾರ್ಖಾನೆಗೆ, ಆಸ್ಪತ್ರೆಗೆ, ವಿಶ್ವವಿದ್ಯಾಲಯಕ್ಕೆ ಮಾಡುವುದಾದರೂ ಕ್ರಮ ಇದೇ.

ಮೊದಲು ಒಂದೇ ಒಂದು ಪ್ರಶ್ನೆ

‘ರೈತರ ಬದುಕು ಹಸನಾಗಿಸಲು ಎಐ’ ಎಂಬುದನ್ನು ಬ್ಯಾನರಿಗೆ ಬರೆಸಬಹುದು, ಅದರಿಂದ ಕೆಲಸ ಶುರು ಮಾಡಲು ಆಗುವುದಿಲ್ಲ. ‘ನಾಳೆ ಎಷ್ಟು ಮೊಸರು ಪ್ಯಾಕ್ ಮಾಡಬೇಕು?’ ಎಂದು ಕೇಳಿ. ಇದನ್ನು ಯಾರೋ ಒಬ್ಬರು ದಿನಾ ನಿರ್ಧರಿಸುತ್ತಾರೆ. ತಪ್ಪಾದರೆ ಎಷ್ಟು ನಷ್ಟ ಎಂದು ಗೊತ್ತಿದೆ: ಜಾಸ್ತಿಯಾದರೆ ಪ್ಯಾಕೆಟ್ ವಾಪಸ್ ಬರುತ್ತದೆ, ಕಡಿಮೆಯಾದರೆ ಏಜೆಂಟರು ಫೋನ್ ಮಾಡಿ ಬೈಯುತ್ತಾರೆ. ಸರಿಯೋ ತಪ್ಪೋ ಎಂದು ಮಾರನೇ ದಿನವೇ ತಿಳಿಯುತ್ತದೆ. ಮೊದಲ ಎಐ ಕೆಲಸಕ್ಕೆ ಈ ಮೂರೂ ಇರುವ ಪ್ರಶ್ನೆಯನ್ನೇ ಆರಿಸಿ.

ಈಗ ಅಂದಾಜು ಮಾಡುತ್ತಿರುವ ಸೂಪರ್‌ವೈಸರ್ ಹತ್ತಿರ ಹೋಗಿ. ಎರಡು ತಿಂಗಳು ಅವರ ಅಂದಾಜನ್ನು ಬರೆದಿಡಿ, ಪಕ್ಕದಲ್ಲಿ ನಿಜವಾಗಿ ಮಾರಿದ್ದು ಎಷ್ಟು ಎಂದು ಬರೆಯಿರಿ. ಇನ್ನೊಂದು ಕಾಲಂ ಹಾಕಿ, ‘ಹೋದ ವಾರ ಇದೇ ದಿನ ಎಷ್ಟು ಹೋಯಿತೋ ಅಷ್ಟೇ’ ಎಂಬ ಸರಳ ಲೆಕ್ಕವನ್ನೂ ಇಡಿ. ನೀವು ದುಡ್ಡು ಕೊಟ್ಟು ತರುವ ಎಐ ಈ ಎರಡನ್ನೂ ಮೀರಿಸಬೇಕು. ನಾನು ಕೆಲಸ ಮಾಡಿದ ಒಂದು ಕಡೆ ಎಂಟು ತಿಂಗಳು ಕಟ್ಟಿದ ಮಾಡೆಲ್ (ಅಂದಾಜು ಹೇಳುವ ಎಐ ಪ್ರೋಗ್ರಾಂ), ಹೋದ ವಾರದ ಲೆಕ್ಕದ ಮುಂದೆ ಸೋತಿತು. ಆ ಮೀಟಿಂಗಿನಲ್ಲಿ ಕಾಫಿ ಕೂಡ ಯಾರೂ ಮುಟ್ಟಲಿಲ್ಲ.

ಟ್ಯಾಂಕರ್ ಹಿಂದೆ ಹೋಗಿ

ಆಮೇಲೆ ಎದ್ದು ಹೊರಡಬೇಕು. ಊರಿನ ಸಂಘದಲ್ಲಿ ತೂಕವಾದ ಹಾಲು ಬಿಎಂಸಿಯಲ್ಲಿ, ಅಂದರೆ ಹಾಲು ತಂಪು ಮಾಡುವ ದೊಡ್ಡ ತೊಟ್ಟಿಯಲ್ಲಿ ತಣ್ಣಗಾಗುತ್ತದೆ, ಅಲ್ಲಿಂದ ಟ್ಯಾಂಕರಿಗೆ, ಟ್ಯಾಂಕರಿನಿಂದ ಒಕ್ಕೂಟದ ದೊಡ್ಡ ಡೈರಿಗೆ, ಪ್ಯಾಕಿಂಗಿಗೆ, ರೂಟ್ ಗಾಡಿಗೆ, ಏಜೆಂಟರ ಅಂಗಡಿಗೆ. ಪ್ರತಿ ಕಡೆಯೂ ಯಾರೋ ಏನೋ ಬರೆಯುತ್ತಾರೆ. ಏನು ಬರೆಯುತ್ತಾರೆ, ಎಲ್ಲಿ, ಯಾವಾಗ, ಆಮೇಲೆ ಅದನ್ನು ಯಾರು ಓದುತ್ತಾರೆ ಎಂದು ಒಂದೇ ಹಾಳೆಯಲ್ಲಿ ಪಟ್ಟಿ ಮಾಡಿ. ಇದಕ್ಕೆ ದೊಡ್ಡ ಕಂಪನಿಗಳಲ್ಲಿ ಡೇಟಾ ಕ್ಯಾಟಲಾಗ್ ಅಂತಾರೆ. ಸಾಫ್ಟ್‌ವೇರ್ ಆಮೇಲೆ ಕೊಳ್ಳಬಹುದು, ಮೊದಲ ಸಲ ಕಾಲ್ನಡಿಗೆಯಲ್ಲೇ ಮಾಡಿ. ಆಗಷ್ಟೇ ಬರೆಯುವವರ ಜೇಬಿನಲ್ಲಿರುವ ಸಣ್ಣ ಪುಸ್ತಕ ಕಣ್ಣಿಗೆ ಬೀಳುತ್ತದೆ. ಕಂಪ್ಯೂಟರಿನಲ್ಲಿ ಒಂದು ಲೆಕ್ಕ, ಜೇಬಿನಲ್ಲಿ ಇನ್ನೊಂದು. ನಿಜವಾದದ್ದು ಬಹುತೇಕ ಜೇಬಿನದು.

ಅಳತೆಯ ಗೊಂದಲವೂ ಆಗಲೇ ಸಿಗುತ್ತದೆ. ಒಂದು ಲೀಟರ್ ಹಾಲು ಸುಮಾರು 1.03 ಕೆಜಿ ತೂಗುತ್ತದೆ. ಒಂದು ಕಡೆ ಕೆಜಿಯಲ್ಲಿ ಬರೆದು, ಇನ್ನೊಂದು ಕಡೆ ಲೀಟರಿನಲ್ಲಿ ಬರೆದು, ಎರಡಕ್ಕೂ ‘ಪ್ರಮಾಣ’ ಎಂಬ ಒಂದೇ ಹೆಸರು ಕೊಟ್ಟಿದ್ದರೆ ಸಾವಿರಕ್ಕೆ ಮೂವತ್ತು ವ್ಯತ್ಯಾಸ ಬರುತ್ತದೆ. ಎಐಗೆ ಅದು ಕಳ್ಳತನದ ಥರ ಕಾಣುತ್ತದೆ. ಪಾಪ, ಟ್ಯಾಂಕರ್ ಡ್ರೈವರ್ ಮೇಲೆ ಅನುಮಾನ.

ಖಾಲಿ ಜಾಗ ಮತ್ತು ಸೊನ್ನೆ ಕೂಡ ಹೀಗೆಯೇ. ಹಾಲು ಬರಲಿಲ್ಲವೋ, ಕರೆಂಟ್ ಇಲ್ಲದೆ ಯಂತ್ರ ನಿಂತಿತ್ತೋ? ಎರಡಕ್ಕೂ 0 ಹಾಕಿದ್ದರೆ ಆಮೇಲೆ ಯಾರೂ ಬಿಡಿಸಲಾರರು.

ಎಷ್ಟು ನಿಂಗಮ್ಮ?

ಇದು ಎಲ್ಲಕ್ಕಿಂತ ಹೆಚ್ಚು ಸಮಯ ತಿನ್ನುವ ಹಂತ. ಮಂಡ್ಯದ ಒಂದೇ ಊರಿನಲ್ಲಿ ಐದು ನಿಂಗಮ್ಮ ಇರುತ್ತಾರೆ. ದೊಡ್ಡ ನಿಂಗಮ್ಮ, ಚಿಕ್ಕ ನಿಂಗಮ್ಮ, ಮೇಗಲಮನೆ ನಿಂಗಮ್ಮ. ಅವರಲ್ಲೊಬ್ಬರು ಆಧಾರ್‌ನಲ್ಲಿ ಲಿಂಗಮ್ಮ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ನಿಂಗಮ್ಮ, ಸಂಘದ ಷೇರು ಪುಸ್ತಕದಲ್ಲಿ ‘ನಿಂಗಮ್ಮ ಕೋಂ ಲೇಟ್ ಬೋರೇಗೌಡ’. ಇಂಗ್ಲಿಷಿನಲ್ಲಿ ಬರೆದಾಗ ಗೌಡ ಒಂದು ಕಡೆ ಹೆಸರಿಗೆ ಅಂಟಿಕೊಂಡಿರುತ್ತದೆ, ಇನ್ನೊಂದು ಕಡೆ ಬಿಟ್ಟಿರುತ್ತದೆ. ಇನಿಷಿಯಲ್ ಮುಂದೆ ಹೋಗಿ ಹಿಂದೆ ಬರುತ್ತದೆ. ಯಂತ್ರ ಈ ಒಬ್ಬರನ್ನೇ ಮೂರು ಜನ ಎಂದು ಎಣಿಸುತ್ತದೆ. ಇಲ್ಲದಿದ್ದರೆ ಐದು ನಿಂಗಮ್ಮರನ್ನು ಸೇರಿಸಿ ಒಬ್ಬರೇ ಮಾಡಿ, ಒಂದೇ ಮನೆಯಲ್ಲಿ ಮೂವತ್ತು ಹಸು ಇವೆ ಎಂದು ಹೇಳುತ್ತದೆ.

ಹೆಸರಿನಿಂದ ಜೋಡಿಸಲು ಹೋಗಬೇಡಿ. ಸದಸ್ಯರಿಗೆ ಒಂದು ಖಾಯಂ ನಂಬರ್ ಕೊಡಿ. ಅದು ಸಂಘದೊಳಗಿನ ‘ನಲವತ್ತೇಳು’ ಆಗಿರಬಾರದು, ಇಡೀ ಒಕ್ಕೂಟಕ್ಕೆ ಒಂದೇ ಆಗಿರಬೇಕು. ಒಬ್ಬರು ತೀರಿಕೊಂಡರೆ ಅವರ ನಂಬರ್ ಮುಗಿಯಬೇಕು, ಸೊಸೆಗೆ ಹೊಸ ನಂಬರ್ ಬರಬೇಕು, ಎರಡಕ್ಕೂ ಸಂಬಂಧ ದಾಖಲಾಗಬೇಕು. ಹಸುಗಳಲ್ಲಿ ಈ ಕೆಲಸ ಆಗಲೇ ನಡೆದಿದೆ ನೋಡಿ. ಕಿವಿಗೆ ಹಾಕುವ ಹಳದಿ ಓಲೆಯಲ್ಲಿ 12 ಅಂಕಿಯ ನಂಬರ್ ಇದೆ, ದೇಶದಲ್ಲಿ ಇನ್ಯಾವ ಹಸುವಿಗೂ ಅದು ಇರುವುದಿಲ್ಲ. ಹಸುವಿಗೆ ಇರುವಷ್ಟು ಶಿಸ್ತು ಯಜಮಾನಿಯ ಹೆಸರಿಗಿಲ್ಲ.

ನಮ್ಮಲ್ಲಿ ಸಿಗುವ ಇನ್ನೊಂದು ತಲೆನೋವು ಹಳೆಯ ಕನ್ನಡ ಫಾಂಟು. ವರ್ಷಗಟ್ಟಲೆ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಫೈಲುಗಳು ಆಫೀಸುಗಳಲ್ಲಿ ರಾಶಿ ಬಿದ್ದಿವೆ. ಪರದೆ ಮೇಲೆ ಅಚ್ಚುಕಟ್ಟಾದ ಕನ್ನಡ ಕಾಣುತ್ತದೆ. ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಫಾಂಟ್ ತೆಗೆದರೆ ಬಯಲಾಗುತ್ತದೆ. ಎಐ ಓದುವುದು ಒಳಗಿನದನ್ನೇ. ಹಾಗಾಗಿ ಮೊದಲು ಎಲ್ಲವನ್ನೂ ಯೂನಿಕೋಡಿಗೆ (ಕಂಪ್ಯೂಟರು ಕನ್ನಡವನ್ನು ಕನ್ನಡವೆಂದೇ ಓದುವ ಸಂಕೇತ ಪದ್ಧತಿಗೆ) ತರಬೇಕು. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಆದರೆ ಒತ್ತಕ್ಷರ, ಅರ್ಕಾವತ್ತು ಇರುವಲ್ಲಿ ಕೈತಪ್ಪುತ್ತದೆ, ಒಬ್ಬರು ಕೂತು ನೋಡಲೇಬೇಕು.

ಇಷ್ಟು ದೊಡ್ಡ ಕೆಲಸ ಆಗುತ್ತದಾ ಎಂದು ಕೇಳುವವರಿಗೆ ನಾನು ಪಹಣಿ ತೋರಿಸುತ್ತೇನೆ. ರಾಜ್ಯದ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಕೈಬರಹದ ಪಹಣಿಗಳು ಕಂಪ್ಯೂಟರಿಗೆ ಹೋದವು. ಟೈಪ್ ಮಾಡಿದ್ದು ಅದರಲ್ಲಿ ಅರ್ಧ ಕೆಲಸ. ಆಮೇಲೆ ಕೈಬರಹದ ಪಹಣಿಗೆ ಮಾನ್ಯತೆಯೇ ಇಲ್ಲ ಎಂದು ಮಾಡಿದರು, ಸಿಬ್ಬಂದಿ ಬೆರಳಚ್ಚು ಕೊಟ್ಟೇ ಆ ತಂತ್ರಾಂಶದೊಳಗೆ ಹೋಗಬೇಕು ಎಂದರು, ಖಾತೆ ಬದಲಾವಣೆಗೆ ಮೊದಲು ಬಂದ ಅರ್ಜಿಗೇ ಮೊದಲ ಸರದಿ ಎಂದರು. ಹಳೆಯ ಪುಸ್ತಕವೂ ಇರಲಿ, ಹೊಸದೂ ಇರಲಿ ಎಂದು ಬಿಟ್ಟಿದ್ದರೆ ಜನ ಹಳೆಯದನ್ನೇ ಹಿಡಿದುಕೊಂಡಿರುತ್ತಿದ್ದರು, ಅಲ್ವಾ? ನೀವೂ ಒಂದು ತಾರೀಖು ಹಾಕಿ ಹಳೆಯ ಎಕ್ಸೆಲ್ ಮುಚ್ಚಿ.

ಪಂಚಾಂಗದ ಕಾಲಂ

ಮೊಸರಿನ ಪ್ರಶ್ನೆಗೆ ಬರೋಣ. ಹೊರಗಿನಿಂದ ತಂದ ಮಾಡೆಲ್ ‘ಹೋದ ವರ್ಷ ಇದೇ ತಾರೀಖು’ ನೋಡುತ್ತದೆ. ವಿಜಯದಶಮಿ 2023ರಲ್ಲಿ ಅಕ್ಟೋಬರ್ 24ಕ್ಕೆ ಬಂತು, 2024ರಲ್ಲಿ 12ಕ್ಕೆ, 2025ರಲ್ಲಿ ಅಕ್ಟೋಬರ್ 2ಕ್ಕೆ. ಯುಗಾದಿ 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19. ತಾರೀಖು ನಂಬಿಕೊಂಡರೆ ಮೈಸೂರು ದಸರೆ ಮುಗಿದ ಮೇಲೆ ಮಾಡೆಲ್ ದಸರೆ ಆಚರಿಸುತ್ತದೆ.

ಆದ್ದರಿಂದ ಡೇಟಾದಲ್ಲಿ ಒಂದು ಪಂಚಾಂಗದ ಕಾಲಂ ಬೇಕು: ಹಬ್ಬಕ್ಕೆ ಎಷ್ಟು ದಿನ ಮುಂಚೆ, ಎಷ್ಟು ದಿನ ಆಮೇಲೆ. ಆಷಾಢಕ್ಕೆ ಬೇರೆ ಗುರುತು ಇರಲಿ. ಆಗ ಮದುವೆಗಳು ನಿಲ್ಲುತ್ತವೆ, ಛತ್ರಗಳ ಆರ್ಡರ್ ಇಲ್ಲ. ಅದೇ ತಿಂಗಳ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಜನವೋ ಜನ, ಪ್ರಸಾದ ಹಂಚುವವರಿಗೆ ಮೊಸರು ಬೇಕು. ಮೇಲುಕೋಟೆಯ ವೈರಮುಡಿ ಉತ್ಸವಕ್ಕೆ ಆ ರೂಟಿಗಷ್ಟೇ ಗುರುತು. ಇವನ್ನೆಲ್ಲ ಹೇಳಿಕೊಟ್ಟವರು ನಾನು ಮೇಲೆ ಹೇಳಿದಂಥ ಒಬ್ಬ ಸೂಪರ್‌ವೈಸರ್. ಅವರ ತಲೆಯಲ್ಲಿ ಮೂವತ್ತು ವರ್ಷದ ಡೇಟಾ ಇತ್ತು, ಯಾರೂ ಕೇಳಿರಲಿಲ್ಲ ಅಷ್ಟೇ.

ಅಂದಹಾಗೆ, ಈ ಕೆಲಸಕ್ಕೆ ಹರಟೆ ಹೊಡೆಯುವ ಚಾಟ್ ಎಐ ಬೇಡವೇ ಬೇಡ. ಹಳೆಯ ಅಂಕಿಗಳಿಂದ ಮುಂದಿನದನ್ನು ಅಂದಾಜು ಮಾಡುವ ಸಾಮಾನ್ಯ ಮಷೀನ್ ಲರ್ನಿಂಗ್ ಸಾಕು, ಖರ್ಚೂ ಕಡಿಮೆ.

ಬರೆಯುವವರಿಗೆ ಏನು ಸಿಗುತ್ತದೆ?

ಎಲ್ಲ ಸಂಸ್ಥೆಗಳೂ ಎಡವುವುದು ಇಲ್ಲಿ ಎಂದು ನನ್ನ ಅನಿಸಿಕೆ. ಬೆಳಿಗ್ಗೆ ಆರು ಗಂಟೆಗೆ, ಮುಂದೆ ನಲವತ್ತು ಜನ ಸಾಲಿನಲ್ಲಿ ನಿಂತಿರುವಾಗ, ಕಾರ್ಯದರ್ಶಿ ಯಾಕೆ ಹದಿನೈದು ಕಾಲಂ ತುಂಬಬೇಕು? ಹೆಡ್ ಆಫೀಸಿನ ಡ್ಯಾಶ್‌ಬೋರ್ಡಿಗಾಗಿ ಎಂದರೆ ಅವರು ಸುಮ್ನೆ ಏನೋ ತುಂಬುತ್ತಾರೆ. ನಾನಾದರೂ ಅದನ್ನೇ ಮಾಡುತ್ತೇನೆ.

ಬರೆದದ್ದು ಅವರಿಗೇ ವಾಪಸ್ ಬರಬೇಕು. ಹಸುವಿನ ಓಲೆ ನಂಬರ್ ಸರಿಯಾಗಿ ಹಾಕಿದರೆ ಪಶುವೈದ್ಯರಿಗೆ ಮತ್ತೆ ಫೋನಿನಲ್ಲಿ ವಿವರ ಹೇಳುವ ಗೋಳು ತಪ್ಪಬೇಕು. ಸದಸ್ಯರ ವಿವರ ಸರಿಯಿದ್ದರೆ ಬಟವಾಡೆ ದಿನ ದುಡ್ಡು ವಾಪಸ್ ಬಂದು ಜಗಳವಾಗಬಾರದು. ಕಾಲಂ ಕಡಿಮೆ ಮಾಡಿ. ಯಂತ್ರದಿಂದ ನೇರವಾಗಿ ಬರುವ ಅಂಕಿಯನ್ನು ಕೈಯಿಂದ ಹಾಕಿಸಬೇಡಿ. ಫ್ಯಾಟ್ 3.8ರ ಬದಲು 38 ಎಂದು ಬಿದ್ದರೆ ಅಲ್ಲೇ, ಆಗಲೇ ತಡೆಯಬೇಕು. ತಿಂಗಳಾದ ಮೇಲೆ ಸಿಗುವ ತಪ್ಪನ್ನು ಯಾರೂ ತಿದ್ದುವುದಿಲ್ಲ, ಮುಚ್ಚುತ್ತಾರೆ.

ಚಿಕ್ಕಮ್ಮನಿಗೆ ಹೇಳಿದೆ, ಹೆಸರು ಬದಲಾಯಿಸಿಕೊಳ್ಳಿ ಎಂದು. ‘ಮರಣ ಪತ್ರ ತರಬೇಕು, ಷೇರು ವರ್ಗ ಮಾಡಿಸಬೇಕು, ಮೈದುನರ ಸಹಿ ಬೇಕು. ಮಾಡಿಸ್ಕೊಂಡ್ರೆ ಲೀಟರಿಗೆ ಒಂದ್ರುಪಾಯ್ ಜಾಸ್ತಿ ಕೊಟ್ಟಾರಾ?’ ಅಂದರು. ಅವರ ಪ್ರಶ್ನೆಗೆ ಸಂಸ್ಥೆ ಉತ್ತರ ಹುಡುಕಬೇಕು. ರೂಪಾಯಿ ಬೇಡ, ಡೈರಿ ಬಾಗಿಲಲ್ಲೇ ಒಂದು ದಿನ ಶಿಬಿರ ಮಾಡಿ ಮೂರೂ ಕಾಗದ ಮುಗಿಸಿಕೊಟ್ಟರೆ ಸಾಕು.

ಮೇಲಿನ ಕಚೇರಿಯಲ್ಲಿ ಪ್ರತಿ ಪಟ್ಟಿಗೂ ಒಬ್ಬರು ಯಜಮಾನರಿರಲಿ. ಸದಸ್ಯರ ಪಟ್ಟಿ ಯಾರದು, ರೂಟ್ ಪಟ್ಟಿ ಯಾರದು? ‘ಐಟಿಯವರದು’ ಎಂಬ ಉತ್ತರ ಬಂದರೆ ಒಪ್ಪಬೇಡಿ. ಐಟಿಯವರು ಪೆಟ್ಟಿಗೆ ಕಾಯುತ್ತಾರೆ, ಒಳಗಿನ ಸಾಮಾನು ಆಯಾ ವಿಭಾಗದ್ದು.

ಮಾಹಿತಿ ಯಾರದು?

2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಬಂದಿವೆ. ಮುಖ್ಯ ಕಟ್ಟುಪಾಡುಗಳಿಗೆ 18 ತಿಂಗಳ ಸಮಯ ಕೊಟ್ಟಿದ್ದಾರೆ. ಡೇಟಾ ಸೋರದಂತೆ ಕಾಪಾಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಒಪ್ಪಿಗೆ ಕೇಳುವ ಸೂಚನೆಯನ್ನು ಕನ್ನಡದಲ್ಲಿ ಓದುವ ಆಯ್ಕೆಯನ್ನೂ ಜನರಿಗೆ ಕೊಡಬೇಕು. ರೈತರ ಆಧಾರ್ ನಂಬರ್ ಇರುವ ಪಟ್ಟಿಯನ್ನು ಪುಕ್ಕಟೆ ಚಾಟ್‌ಬಾಟಿಗೆ ಅಂಟಿಸಿ ‘ಇದನ್ನು ಚೆಂದ ಮಾಡಿಕೊಡು’ ಎನ್ನುವ ಅಭ್ಯಾಸ ಇವತ್ತೇ ನಿಲ್ಲಲಿ.

ಪಕ್ಕದಲ್ಲಿ ಕೂರಿಸಿ ನೋಡಿ

ಈಗ ಎಐ ತನ್ನಿ. ಮೊದಲ ಮೂರು ತಿಂಗಳು ಅದರ ಮಾತು ಯಾರೂ ಕೇಳುವುದು ಬೇಡ. ಸೂಪರ್‌ವೈಸರ್ ತಮ್ಮ ಅಂದಾಜಿನಂತೆ ನಡೆಯಲಿ, ಎಐ ಅಂದಾಜು ಪಕ್ಕದ ಕಾಲಂನಲ್ಲಿ ಬೀಳುತ್ತಿರಲಿ. ಆ ಮೂರು ತಿಂಗಳಲ್ಲಿ ಒಂದು ದೊಡ್ಡ ಹಬ್ಬ ಬರುವಂತೆ ನೋಡಿಕೊಳ್ಳಿ. ಆಮೇಲೆ ಎರಡು ರೂಟಿಗೆ ಮಾತ್ರ ಕೊಡಿ. ಅಲ್ಲೂ ಕೊನೆಯ ಮಾತು ಮನುಷ್ಯರದೇ ಇರಲಿ, ಆದರೆ ಅಂಕಿ ಬದಲಾಯಿಸಿದರೆ ಯಾಕೆ ಎಂದು ಒಂದು ಸಾಲು ಬರೆಯಬೇಕು. ‘ಪಾಂಡವಪುರ ರೋಡಲ್ಲಿ ಮೂರು ಮದುವೆ’ ಎಂಬಂಥ ಸಾಲುಗಳಿಂದ ಮುಂದಿನ ಕಾಲಂ ಹುಟ್ಟುತ್ತದೆ.

ರೈತರು ಮಾತಾಡಿ ಕೇಳುವ ಬಾಟ್ ಮಾಡುವ ಆಸೆ ಎಲ್ಲರಿಗೂ ಇದೆ. ಅದನ್ನು ಎರಡನೇ ವರ್ಷಕ್ಕೆ ಇಡಿ. ಕನ್ನಡದ ಧ್ವನಿ ಗುರುತಿಸುವ ತಂತ್ರಾಂಶ ಬೆಳೆಯುತ್ತಿದೆ, ಭಾರತೀಯ ಭಾಷೆಗಳಿಗಾಗಿ ಕೇಂದ್ರ ಸರ್ಕಾರ ನಡೆಸುವ ‘ಭಾಷಿಣಿ’ಯಂಥ ಪ್ರಯತ್ನಗಳೂ ಇವೆ. ಆದರೂ ಸೇವೆ ಶುರು ಮಾಡುವ ಮುಂಚೆ ಮಂಡ್ಯದ ಮಾತಿನಲ್ಲೇ ಪರೀಕ್ಷೆ ಮಾಡಿ. ‘ಹಸ ಈದದೆ, ಸತ್ತೆ ಬಿದ್ದಿಲ್ಲ’ ಎಂದು ಒಬ್ಬರು ಹೇಳಿದರೆ, ಕರು ಹಾಕಿದ ಹಸುವಿನ ಮಾಸು ಬಿದ್ದಿಲ್ಲ, ಬೇಗ ಡಾಕ್ಟರ್ ಬೇಕು ಎಂದು ಅದಕ್ಕೆ ಅರ್ಥವಾಗಬೇಕು. ‘ಸತ್ತೆ’ ಎಂಬ ಪದ ಕೇಳಿ ಸಂತಾಪ ಸೂಚಿಸಿದರೆ ವಾಪಸ್ ಕಳಿಸಿ.