ನೈಟ್ ಡ್ಯೂಟಿ, ಹಗಲು ನಿದ್ದೆ, ನನ್ನ ಬಿಪಿ

ಹದಿನಾಲ್ಕು ವರ್ಷದಿಂದ ಸ್ಟಾಫ್ ನರ್ಸ್ ಆಗಿದೀನಿ. ವಾರ್ಡಲ್ಲಿ ದಿನಾ ಎಷ್ಟೋ ಜನಕ್ಕೆ ಬಿಪಿ ನೋಡ್ತೀನಿ, ನಂದು ನಾನು ನೋಡ್ಕೊಂಡೇ ಇರಲಿಲ್ಲ. ಒಂದಿನ ನೈಟ್ ಮುಗಿಸಿ ಬೆಳಗ್ಗೆ ಹ್ಯಾಂಡೋವರ್ ಕೊಡ್ತಾ ಇದ್ದಾಗ ಹಿಂದಲೆ ಹಿಡಿದುಕೊಂಡ ಹಾಗಾಯ್ತು, ಕೂತು ನೋಡಿದ್ರೆ 154/98. ಟೀ ಕುಡಿದಿದ್ದಕ್ಕೆ ಇರಬೇಕು ಅಂತ ಅರ್ಧ ಗಂಟೆ ಬಿಟ್ಟು ನೋಡಿದೆ, 150/96. ವಯಸ್ಸು 38.

ನಮ್ಮ ಡಾಕ್ಟ್ರು ಮಾತ್ರೆ ಬರೆಯೋಕೆ ಮುಂಚೆ ಕೇಳಿದ್ದು ನಿದ್ದೆ ಬಗ್ಗೆ. ಹಗಲು ನಾಲ್ಕು ಗಂಟೆ ಮಲಗ್ತೀನಿ ಅಂದೆ, ಅದೂ ತುಂಡು ತುಂಡು. ಗೊರಕೆ ಇದೆಯಾ, ಮಲಗಿದ್ದಾಗ ಉಸಿರು ನಿಂತು ನಿಂತು ಬರುತ್ತಾ ಅಂತನೂ ಕೇಳಿದ್ರು. ನನಗಿಲ್ಲ, ಇದ್ದೋರು ದಯವಿಟ್ಟು ಸ್ಲೀಪ್ ಸ್ಟಡಿ (ಮಲಗಿದ್ದಾಗ ಉಸಿರಾಟ ನೋಡೋ ಪರೀಕ್ಷೆ) ಮಾಡಿಸಿ, ಮಾತ್ರೆ ಎಷ್ಟು ತಗೊಂಡ್ರೂ ಬಿಪಿ ಇಳಿಯದೇ ಇರೋದಕ್ಕೆ ಹಾಗೆ ಉಸಿರು ನಿಲ್ಲೋದೂ ಒಂದು ದೊಡ್ಡ ಕಾರಣ.

ಆಮೇಲೆ 24 ಗಂಟೆ ಬಿಪಿ ಮೆಷಿನ್ ಕಟ್ಟಿದ್ರು. ಸೊಂಟದಲ್ಲಿ ಡಬ್ಬಿ, ತೋಳಲ್ಲಿ ಪಟ್ಟಿ, ಅರ್ಧ ಗಂಟೆಗೊಂದ್ಸಲ ಗುರ್ ಅಂತ ಬಿಗಿಯಾಗುತ್ತೆ. ರಿಪೋರ್ಟಲ್ಲಿ ಎಚ್ಚರ ಇದ್ದಾಗ ಮೇಲಿನದು ಸರಾಸರಿ 146, ಮಲಗಿದ್ದಾಗ 141. ಸಾಮಾನ್ಯವಾಗಿ ನಿದ್ದೆಯಲ್ಲಿ ನೂರಕ್ಕೆ 10ರಿಂದ 20 ಭಾಗ ಇಳಿಬೇಕು, ಅಂದ್ರೆ ನನಗೆ ಹದಿನೈದಾದ್ರೂ ಇಳಿಬೇಕಿತ್ತು, ಇಳಿದಿದ್ದು ಐದು. ಗಾಢ ನಿದ್ದೆಯಲ್ಲಿ ಎದೆಬಡಿತ ನಿಧಾನ ಆಗಿ ರಕ್ತನಾಳ ಸಡಿಲ ಆಗುತ್ತೆ, ಪದೇ ಪದೇ ಎಚ್ಚರ ಆದ್ರೆ ಅಡ್ರಿನಾಲಿನ್ ಥರದ ಹಾರ್ಮೋನ್ ಕೆಲಸ ಮಾಡ್ತಾನೇ ಇರುತ್ತೆ, ರಕ್ತನಾಳಕ್ಕೆ ಬಿಡುವೇ ಸಿಗಲ್ಲ. ಆ ಪಟ್ಟಿಯೂ ನಿದ್ದೆ ಕೆಡಿಸುತ್ತೆ, ಅದಕ್ಕೇ ಒಂದೇ ರಿಪೋರ್ಟ್ ನೋಡಿ ತೀರ್ಮಾನ ಮಾಡಲ್ಲ ಅಂದ್ರು.

ಡಾಕ್ಟ್ರು ಬರೆದ ಬಿಪಿ ಮಾತ್ರೆ, ಅಮ್ಲೋಡಿಪಿನ್ 5 ಮಿ.ಗ್ರಾಂ, ಶುರು ಮಾಡಿದೆ. ಅದರ ಜೊತೆಗೆ ನಿದ್ದೆ ಸರಿ ಮಾಡ್ಕೊಂಡೆ. ಕೆಫೀನ್ ಅರ್ಧ ಇಳಿಯೋಕೇ ಸುಮಾರು ಐದು ಗಂಟೆ ಬೇಕು, ನಾನು ಬೆಳಗಿನ ಜಾವ ನಾಲ್ಕಕ್ಕೆ ಟೀ ಕುಡಿದು ಒಂಬತ್ತಕ್ಕೆ ಮಲಗ್ತಿದ್ದೆ! ರಾತ್ರಿ ಒಂದರ ಮೇಲೆ ಟೀ ಬಿಟ್ಟೆ. ಕಿಟಕಿಗೆ ಕಪ್ಪು ದುಪ್ಪಟಿ ಎರಡು ಪದರ ಮಾಡಿ ಮೊಳೆ ಹೊಡೆದೆ. ಒಂಬತ್ತರಿಂದ ಎರಡರವರೆಗೆ ಒಂದು ನಿದ್ದೆ, ಸಂಜೆ ಡ್ಯೂಟಿಗೆ ಹೋಗೋ ಮುಂಚೆ ಒಂದೂವರೆ ಗಂಟೆ ಇನ್ನೊಂದು.

ಕಷ್ಟ ಆಗಿದ್ದು ಮನೆಯಲ್ಲಿ. "ಹಗಲೊತ್ತು ಬಾಗಿಲು ಹಾಕ್ಕೊಂಡು ಮಲಗಿದ್ರೆ ಮನೇಲಿ ಲಕ್ಷ್ಮಿ ನಿಲ್ತಾಳೇನಮ್ಮ" ಅಂತ ಅತ್ತೆ ಬೇಜಾರು ಮಾಡ್ಕೊಳ್ಳೋರು. ಅವರೂ ಬಿಪಿ ಪೇಶೆಂಟೇ. ಒಂದಿನ ರಿಪೋರ್ಟ್ ಬಿಡಿಸಿ ಗ್ರಾಫ್ ತೋರಿಸಿದೆ, "ಅತ್ತೆ, ನೋಡಿ, ಇಲ್ಲಿ ಗೆರೆ ಕೆಳಗೆ ಬರಬೇಕಿತ್ತು, ಇದು ನಾನು ಮಲಗಿರೋ ಹೊತ್ತು" ಅಂದೆ. ಏನೂ ಮಾತಾಡಲಿಲ್ಲ. ಮಾರನೇ ದಿನದಿಂದ ನಾನು ಬರೋದ್ರೊಳಗೆ ಕುಕ್ಕರ್ ಕೂಗಿಸಿ ಇಳಿಸಿರ್ತಾರೆ, ಯಾರಾದ್ರೂ ಬಂದ್ರೆ ಜಗುಲಿಯಲ್ಲೇ ಕೂರಿಸಿ ಮಾತಾಡಿ ಕಳಿಸ್ತಾರೆ.

ಮೂರು ತಿಂಗಳಾದ ಮೇಲೆ ಮತ್ತೆ ಮೆಷಿನ್ ಕಟ್ಟಿದ್ರು, ಎಚ್ಚರದಲ್ಲಿ 130, ನಿದ್ದೆಯಲ್ಲಿ 115. ಮಾತ್ರೆ ನಡೀತಿದೆ, ಉಪ್ಪಿನಕಾಯಿನೂ ಬಿಟ್ಟಿದೀನಿ, ಹಾಗಾಗಿ ಪೂರ್ತಿ ನಿದ್ದೆಯಿಂದಲೇ ಅಂತ ಹೇಳೋಕಾಗಲ್ಲ, ಮಾತ್ರೆ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ಮನೆಯಲ್ಲಿ ಐದು ನಿಮಿಷ ಬೆನ್ನೊರಗಿಸಿ ಸುಮ್ಮನೆ ಕೂತು, ತೋಳು ಎದೆ ಮಟ್ಟಕ್ಕಿಟ್ಟು ಎರಡು ಸಲ ನೋಡಿ ಪುಸ್ತಕದಲ್ಲಿ ಬರೆದಿಡ್ತೀನಿ. ಐದು ಗಂಟೆಗಿಂತ ಕಮ್ಮಿ ಮಲಗಿದ ದಿನಕ್ಕೆ ಕೆಂಪು ಚುಕ್ಕೆ. ಈ ತಿಂಗಳು ನಾಲ್ಕು ಚುಕ್ಕೆ ಇವೆ, ನಾಲ್ಕೂ ಊರ ಹಬ್ಬದ ವಾರದ್ದು, ನಾಲ್ಕು ದಿನವೂ ಮೇಲಿನದು 140 ದಾಟಿದೆ.