ಬಾನೆಟ್ಟಿನ ಮೇಲಿನ 43 ಕಲ್ಲೇಟುಗಳು: ಮನೆಯಲ್ಲೇ ಟಚ್‌ಅಪ್ ಮಾಡಿದ ನನ್ನ ಅನುಭವ

ತುಮಕೂರು ರಸ್ತೆಯಲ್ಲಿ ಜಲ್ಲಿ ಲಾರಿಗಳ ಹಿಂದೆ ವಾರಕ್ಕೆ ಐದು ದಿನ ದಾಬಸ್‌ಪೇಟೆಯವರೆಗೆ ಹೋಗಿಬರುವವನ ಬಾನೆಟ್ ಹೇಗಿರುತ್ತದೆ ಎಂಬುದನ್ನು ಆ ದಾರಿ ಬಲ್ಲವರಿಗೆ ವಿವರಿಸಬೇಕಾಗಿಲ್ಲ. ನನ್ನದು 2014ರ ಬೆಳ್ಳಿ ಬಣ್ಣದ ಸ್ವಿಫ್ಟ್. ಎರಡು ವರ್ಷದ ಹಿಂದೆ ಆಯುಧಪೂಜೆಗೆಂದು ರಾಜಾಜಿನಗರದ ನಮ್ಮ ಮನೆಯ ಮುಂದೆ ಕಾರು ತೊಳೆದು, ಪ್ರತಿ ಕಲ್ಲೇಟಿನ ಪಕ್ಕದಲ್ಲೂ ಮಾಸ್ಕಿಂಗ್ ಟೇಪಿನ ಒಂದೊಂದು ಚೂರು ಅಂಟಿಸುತ್ತ ಹೋದೆ. ಬಾನೆಟ್ಟಿನ ಮೇಲೆ 43, ಮುಂದಿನ ಬಂಪರಿನಲ್ಲಿ ಹದಿನೈದರ ಆಸುಪಾಸು ಸಿಕ್ಕವು. ಎದುರುಮನೆಯವರು ನೋಡಿ, ‘ಕಾರಿಗೆ ಸಿಡುಬು ಬಂದಿದೆಯಲ್ಲ’ ಎಂದು ನಕ್ಕರು.

ಬಾನೆಟ್ಟಿಗೆ ಪೂರ್ತಿ ಬಣ್ಣ ಹೊಡೆಸಲು ಸರ್ವಿಸ್ ಸೆಂಟರಿನಲ್ಲಿ ಆರು ಸಾವಿರದ ಮೇಲೆ, ವಿಲ್ಸನ್ ಗಾರ್ಡನ್ನಿನ ಗ್ಯಾರೇಜೊಂದರಲ್ಲಿ ನಾಲ್ಕೂವರೆ ಸಾವಿರ ಕೇಳಿದ ನೆನಪು. ವಿಮೆಯಲ್ಲಿ ಮಾಡಿಸಬಹುದಿತ್ತು, ಆದರೆ ಐದು ವರ್ಷ ಕ್ಲೈಮ್ ಮಾಡದೆ ಕಾಪಾಡಿಕೊಂಡು ಬಂದ ಶೇ. 50ರ ನೋ ಕ್ಲೈಮ್ ಬೋನಸ್ಸನ್ನು (ವಿಮೆಯ ಕಂತಿನಲ್ಲಿ ಸಿಗುವ ರಿಯಾಯಿತಿ) ನಾಲ್ಕು ಕಲ್ಲಿನ ಚೂರುಗಳಿಗೆ ಬಲಿಕೊಡಲು, ಅದರ ಮೇಲೆ ಕ್ಲೈಮಿನಲ್ಲಿ ನಾವೇ ಭರಿಸಬೇಕಾದ ಕಡ್ಡಾಯದ ಸಾವಿರ ರೂಪಾಯಿಯನ್ನೂ ಕೈಯಿಂದ ಕಟ್ಟಲು ನನಗೆ ಮನಸ್ಸಾಗಲಿಲ್ಲ. ಜೊತೆಗೆ, ಹಳೆಯ ಕಾರು ಕೊಳ್ಳಲು ಬರುವವರು ಈಗ ಬಣ್ಣದ ದಪ್ಪ ಅಳೆಯುವ ಮೀಟರನ್ನು ಜೇಬಿನಲ್ಲೇ ಇಟ್ಟುಕೊಂಡು ಬರುತ್ತಾರೆ. ಕಂಪನಿಯ ಬಣ್ಣ ಉಳಿದಿರುವ ಬಾನೆಟ್ಟಿಗೂ ಮರುಬಣ್ಣ ಹೊಡೆಸಿದ ಬಾನೆಟ್ಟಿಗೂ ಅವರು ಕೊಡುವ ಬೆಲೆ ಬೇರೆ. ನಾನೇ ಮಾಡಿಕೊಳ್ಳುತ್ತೇನೆಂದು ಹೇಳಿದಾಗ ಅದೇ ಗ್ಯಾರೇಜಿನ ಪೇಂಟರ್, ‘ಸಾಲಿಡ್ ಬಿಳಿ, ಕೆಂಪು ಆದರೆ ಮಾಡಿ ಸಾರ್, ಸಿಲ್ವರ್ ಬ್ರಷ್ಷಿಗೆ ಬಗ್ಗುವುದಿಲ್ಲ’ ಎಂದರು. ಮುಂದಿನ ಒಂದು ವರ್ಷ ಅವರ ಮಾತೇ ನಿಜವಾಗುತ್ತ ಹೋಯಿತು.

ಮೊದಲ ಸೋಲು ಎಲ್ಲರದ್ದೂ ಆಗುವಂಥದ್ದೇ. ಜೆ.ಸಿ. ರಸ್ತೆಯಲ್ಲಿ ನಾನೂರು ರೂಪಾಯಿಯ ಟಚ್‌ಅಪ್ ಪೆನ್ ತಂದು, ಒಂದೇ ಭಾನುವಾರ ಮುಕ್ಕಾಲುಪಾಲು ಚುಕ್ಕೆಗಳನ್ನು ತುಂಬಿಬಿಟ್ಟೆ. ಅಂದು ಸಂಜೆ ಸಮತಟ್ಟಾಗಿ ಕಂಡದ್ದು ವಾರದೊಳಗೆ ನಡುವೆ ಕುಸಿದು, ಅಂಚಿನಲ್ಲಿ ಉಬ್ಬಿ, ಒಣಗಿದ ಸಾಸಿವೆ ಕಾಳುಗಳಂತೆ ನಿಂತಿತು. ಬಣ್ಣವೂ ಸುತ್ತಲಿಗಿಂತ ತುಸು ಕಪ್ಪಾಗಿ ಕಂಡಿತು. ಉಬ್ಬನ್ನು ತಗ್ಗಿಸಲು 1500ರ ವಾಟರ್ ಪೇಪರನ್ನು (ನೀರು ಹಾಕಿ ಉಜ್ಜುವ ಸ್ಯಾಂಡ್‌ಪೇಪರ್; ಸಂಖ್ಯೆ ಹೆಚ್ಚಿದಷ್ಟೂ ನಯ) ಬೆರಳಿಗೆ ಸುತ್ತಿ ಉಜ್ಜಿದ್ದು ನನ್ನ ಎರಡನೆಯ ತಪ್ಪು. ಬೆರಳು ಮೆತ್ತಗಿರುವುದರಿಂದ ಅದು ಉಬ್ಬಿನ ಮೇಲೆ ನಿಲ್ಲದೆ ಸುತ್ತಲಿನ ತಗ್ಗಿಗೂ ಬಾಗಿಬಿಡುತ್ತದೆ. ಕಂಪನಿಯ ಕ್ಲಿಯರ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಇರುವುದೇ 40–50 ಮೈಕ್ರಾನ್. ಬಲಗಡೆಯ ಫೆಂಡರಿನ ಅಂಚಿನಲ್ಲಿ ಅದು ಹರಿದು, ಹತ್ತು ರೂಪಾಯಿ ನಾಣ್ಯದಷ್ಟು ಜಾಗ ಬೂದಿ ಬಳಿದಂತೆ ಮಂಕಾಯಿತು.

ಆ ಫೆಂಡರನ್ನು ಮನೆಯ ಹತ್ತಿರದ ಇನ್ನೊಂದು ಗ್ಯಾರೇಜಿನಲ್ಲಿ 3,200 ರೂಪಾಯಿ ಕೊಟ್ಟು ಹೊಡೆಸಿದೆ. ಎರಡು ತಿಂಗಳ ನಂತರ ಅಲ್ಲಿ ಬಿದ್ದಿದ್ದ ಟಾರಿನ ಕಲೆಯನ್ನು ಥಿನ್ನರ್ ಬಟ್ಟೆಯಿಂದ ಒರೆಸಿದಾಗ ಬಟ್ಟೆಗೆ ಬೆಳ್ಳಿ ಬಣ್ಣವೇ ಮೆತ್ತಿಕೊಂಡು ಬಂದಿತು. ಗಟ್ಟಿಯಾಗಿಸುವ ಹಾರ್ಡ್‌ನರ್ ದ್ರವ ಸೇರಿದ ಪಿಯು (ಪಾಲಿಯುರೆಥೇನ್) ಬಣ್ಣ ಗಟ್ಟಿಯಾದ ಮೇಲೆ ಥಿನ್ನರಿಗೆ ಕರಗುವುದಿಲ್ಲ, ಹಾರ್ಡ್‌ನರ್ ಇಲ್ಲದ ಎನ್‌ಸಿ (ನೈಟ್ರೋಸೆಲ್ಯುಲೋಸ್) ಮಾತ್ರ ಕರಗುತ್ತದೆ. ಪಿಯು ಎಂದು ಹೇಳಿ ನನಗೆ ಹೊಡೆದುಕೊಟ್ಟದ್ದು ಎನ್‌ಸಿ ಎಂಬುದು ಆ ಬಟ್ಟೆಯಿಂದ ಗೊತ್ತಾಯಿತು. ಕೇಳಲು ಹೋದರೆ, ಥಿನ್ನರ್ ಹಾಕಿದರೆ ಯಾವ ಬಣ್ಣವಾದರೂ ಬರುತ್ತದೆ ಎಂಬ ಉತ್ತರ ಸಿಕ್ಕಿತು. ಅಂದಿನಿಂದ, ಹಳೆಯ ಕಾರು ಕೊಳ್ಳುವ ಗೆಳೆಯರ ಜೊತೆ ಹೋದಾಗಲೆಲ್ಲ, ಯಜಮಾನರ ಅನುಮತಿ ಪಡೆದು, ಬಾಗಿಲಿನ ಒಳಅಂಚಿನಲ್ಲಿ ಥಿನ್ನರಿನ ಒಂದು ಹನಿಯನ್ನು ಒರೆಸಿ ನೋಡುವುದು ನನಗೆ ಅಭ್ಯಾಸವಾಗಿದೆ.

ಮೂರನೆಯ ಸೋಲು ಮಳೆಗಾಲದ್ದು. ಪೆನ್ನಿನಿಂದ ಮುಚ್ಚಿದ ಚುಕ್ಕೆಗಳಲ್ಲಿ ಐದಾರು ಕಡೆ, ಅಡಿಯಲ್ಲಿ ತುಕ್ಕು ಉಳಿದಿದ್ದುದರಿಂದ, ಬಣ್ಣ ಗುಳ್ಳೆಯೆದ್ದಿತು. ಅವನ್ನು ಕೆರೆದು ಹೊಸದಾಗಿ ಹಚ್ಚಲು ಹೊರಟಾಗ ಆಷಾಢ. ಬೆಳಿಗ್ಗೆ ತುಂತುರು, ಮಧ್ಯಾಹ್ನ ಗಾಳಿ. ಎದುರು ರಸ್ತೆಯಲ್ಲಿ ಅಗೆದು ಬಿಟ್ಟಿದ್ದ ಮಣ್ಣೆಲ್ಲ ಹಸಿ ಕ್ಲಿಯರಿನ ಮೇಲೆ ಬಂದು ಕೂತಿತು. ಧೂಳು ಬೀಳದ ಕಡೆಯೂ ಹಾಲು ಚೆಲ್ಲಿದಂತೆ ಬೆಳ್ಳಗಾಯಿತು, ಏಕೆಂದರೆ ಥಿನ್ನರ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲಿ ಹನಿಗಟ್ಟುತ್ತದೆ. ಹೇರ್ ಡ್ರೈಯರ್ ಹಿಡಿದರೆ ಸರಿಹೋಗಬಹುದೆಂದು ಪ್ರಯತ್ನಿಸಿದೆ; ಮೇಲಿನ ತೊಗಲು ಬೇಗ ಒಣಗಿ, ಒಳಗಿನ ಥಿನ್ನರ್ ಹೊರಬರಲಾಗದೆ ಸೂಜಿಮೊನೆಯಂಥ ಗುಳ್ಳೆಗಳಾದವು. ಅದೇ ತಿಂಗಳು, ಮುಚ್ಚಳ ಸರಿಯಾಗಿ ಹಾಕದೆ ಇಟ್ಟಿದ್ದ ಹಾರ್ಡ್‌ನರ್ ಡಬ್ಬಿ ತೇವ ಹೀರಿ, ಬಾದಾಮಿ ಹಲ್ವದಂತೆ ಗಟ್ಟಿಯಾಗಿ, ಮುನ್ನೂರು ರೂಪಾಯಿ ನೀರುಪಾಲಾಯಿತು.

ಇಷ್ಟಾದ ಮೇಲೆ ಕಾರನ್ನು ಮುಟ್ಟುವುದನ್ನು ಬಿಟ್ಟು, ಗುಜರಿಯಿಂದ ಇನ್ನೂರೈವತ್ತು ರೂಪಾಯಿಗೆ ಬೆಳ್ಳಿ ಬಣ್ಣದ ಹಳೆಯ ಬಾಗಿಲೊಂದನ್ನು ತಂದು ಮಹಡಿಯ ಮೇಲೆ ಹಾಕಿಕೊಂಡೆ. ಮನೆಯವರ ಅಸಮಾಧಾನದ ನಡುವೆ ಅದು ಐದು ತಿಂಗಳು ಅಲ್ಲೇ ಇತ್ತು; ಸುತ್ತಿಗೆ, ಮೊಳೆಗಳಿಂದ ಅದಕ್ಕೆ ನಾನು ಮಾಡಿದ ಗಾಯಗಳು ಇನ್ನೂರು ದಾಟಿರಬಹುದು. ಕೆಲವು ಪ್ರಯೋಗಗಳು ಬರೀ ಕುತೂಹಲದವು. ಕ್ಲಿಯರ್ ಬದಲು ಹೆಂಡತಿಯ ಬಣ್ಣವಿಲ್ಲದ ನೈಲ್ ಪಾಲಿಶ್ ಹಚ್ಚಿದ ಚುಕ್ಕೆಗಳು ಮೊದಲ ವಾರ ಎಲ್ಲಕ್ಕಿಂತ ಚೆನ್ನಾಗಿ ಹೊಳೆದು, ಆಮೇಲೆ ಬಿಸಿಲಿಗೆ ಹಳದಿಗಟ್ಟಿ ಬಿರಿದವು. ಹಚ್ಚುವ ಸಾಧನಗಳಲ್ಲಿ ಪೆನ್ನಿನ ಬ್ರಷ್, ಟೂತ್‌ಪಿಕ್, ಇನ್ಸುಲಿನ್ ಸೂಜಿ, ಊದುಬತ್ತಿಯ ಕಡ್ಡಿ ಎಲ್ಲವನ್ನೂ ನೋಡಿದೆ. ಗೆದ್ದದ್ದು ಕಡ್ಡಿಪೊರಕೆಯ ತೆಂಗಿನ ಗರಿಯ ಕಡ್ಡಿ: ತುದಿಯನ್ನು ಬ್ಲೇಡಿನಿಂದ ಓರೆಯಾಗಿ ಕೊಯ್ದರೆ ಅದು ಒಂದೇ ಒಂದು ಸಣ್ಣ ಹನಿಯನ್ನು ಹಿಡಿದು, ಮುಟ್ಟಿಸಿದ ಕೂಡಲೇ ಬಿಡುತ್ತದೆ. ಟೂತ್‌ಪಿಕ್ ಬಣ್ಣವನ್ನು ಹೀರಿ ಊದಿಕೊಳ್ಳುತ್ತದೆ.

ಗೆದ್ದ ಕ್ರಮಕ್ಕೆ ಈಗ ಬರುತ್ತೇನೆ. ಈ ವರ್ಷ ಸಂಕ್ರಾಂತಿ ಕಳೆದ ಮೇಲೆ, ಒಣಹವೆ ನೆಲೆನಿಂತಾಗ ಕಾರಿನ ಮೇಲೆ ಕೆಲಸ ಶುರುಮಾಡಿದೆ. ಬಣ್ಣವನ್ನು ಪೆನ್ನಿನಲ್ಲಿ ಕೊಳ್ಳದೆ, ಕಂಪನಿಯ ಬಣ್ಣದ ಕೋಡ್ ಝಡ್ 2 ಎಸ್ ಕೊಟ್ಟು 100 ಮಿಲಿ ಬೇಸ್‌ಕೋಟ್ (ಕ್ಲಿಯರಿನ ಅಡಿಗೆ ಬರುವ ಬಣ್ಣ) ಕಲಸಿಸಿದೆ, ಕ್ಲಿಯರ್ ಪಿಯು. ಕ್ಲಿಯರನ್ನು ಪ್ರತಿಸಲ ಸಿರಿಂಜಿನಲ್ಲಿ ಅಳೆದು, ಎರಡು ಪಾಲಿಗೆ ಒಂದು ಪಾಲು ಹಾರ್ಡ್‌ನರ್ ಸೇರಿಸಿ, ಆರು ಮಿಲಿಗಿಂತ ಹೆಚ್ಚು ಕಲಸುತ್ತಿರಲಿಲ್ಲ, ಕಲಸಿದ್ದು ಕೆಲವೇ ಗಂಟೆಗಳಲ್ಲಿ ಕೈಗೆ ಬಾರದಂತಾಗುತ್ತದೆ. ಹಾರ್ಡ್‌ನರಿನಲ್ಲಿರುವ ಐಸೊಸೈನೇಟ್ ಎಂಬ ರಾಸಾಯನಿಕ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಆರು ಮಿಲಿಗೆ ಏನಾಗುತ್ತದೆ ಎನ್ನದೆ ಬಯಲಿನಲ್ಲಿ, ಆವಿಯನ್ನು ಸೋಸುವ ಕಾರ್ಟ್ರಿಜ್ ಮಾಸ್ಕ್ ಹಾಕಿಕೊಂಡೇ ಮಾಡಿದೆ.

ಬಾನೆಟ್ಟಿನ ನಟ್ಟನಡುವೆ ಇದ್ದ, ನಾನು ಹದಿನೇಳನೆಯದೆಂದು ಎಣಿಸಿದ್ದ ಚುಕ್ಕೆಯನ್ನೇ ತೆಗೆದುಕೊಳ್ಳೋಣ. ಅವರೆಕಾಳಿನ ಅರ್ಧದಷ್ಟು ಅಗಲ, ತಳದಲ್ಲಿ ತುಕ್ಕು. ಪೆನ್ನಿನ ಹಳೆಯ ಬಣ್ಣವನ್ನೂ, ಅಂಚಿನಲ್ಲಿ ಸಡಿಲವಾಗಿ ಎದ್ದಿದ್ದ ಪದರವನ್ನೂ ಗುಂಡುಸೂಜಿಯಿಂದ ಎಬ್ಬಿಸಿ ತೆಗೆದೆ. ಇದನ್ನು ಬಿಟ್ಟರೆ ಮುಂದೆ ಮಾಡಿದ್ದೆಲ್ಲ ಆ ಪದರದ ಜೊತೆಗೇ ಎದ್ದುಹೋಗುತ್ತದೆ. ತುಕ್ಕನ್ನು ಕೆರೆದು, ಉಳಿದದ್ದು ಕಪ್ಪಾಗುವವರೆಗೆ ತುಕ್ಕು ತಡೆಯುವ ರಸ್ಟ್ ಕನ್ವರ್ಟರ್ ಹಾಕಿ, ಮರುದಿನ ಐಪಿಎಯಿಂದ (ಐಸೊಪ್ರೊಪೈಲ್ ಆಲ್ಕೋಹಾಲ್) ಒರೆಸಿ, ಬರಿಯ ಕಬ್ಬಿಣ ಕಾಣುವಲ್ಲಿ ಮಾತ್ರ ಪ್ರೈಮರ್ ಮುಟ್ಟಿಸಿದೆ. ಬೇಸ್‌ಕೋಟನ್ನು ಮೂರು ದಿನ ಸಂಜೆ ಮೂರು ತೆಳು ಪದರಗಳಾಗಿ ಹಾಕಿದೆ. ಬೇಸ್‌ಕೋಟ್ ಹಳ್ಳದ ಅಂಚಿಗಿಂತ ಕೆಳಗೇ ನಿಲ್ಲಬೇಕು ಎಂಬುದು ಐದು ತಿಂಗಳ ಬಾಗಿಲು ನನಗೆ ಕಲಿಸಿದ ಮುಖ್ಯ ಪಾಠ: ಅದು ಮೇಲಕ್ಕೆ ಬಂದರೆ ಉಜ್ಜುವಾಗ ಬೆಳ್ಳಿ ಬಣ್ಣಕ್ಕೆ ಹೊಳಪು ಕೊಡುವ ಅಲ್ಯೂಮಿನಿಯಂ ಚೂರುಗಳೇ ಕೊಯ್ದುಹೋಗಿ ಚುಕ್ಕೆ ಕಪ್ಪಾಗುತ್ತದೆ. ಉಜ್ಜಬೇಕಾದದ್ದು ಕ್ಲಿಯರ್ ಮಾತ್ರ. ದಪ್ಪ ಹನಿಯಲ್ಲಿ ಆ ಚೂರುಗಳು ಅಡ್ಡಾದಿಡ್ಡಿಯಾಗಿ ನಿಂತುಬಿಡುವುದರಿಂದಲೇ ಸಿಲ್ವರ್ ಬ್ರಷ್ಷಿನಲ್ಲಿ ಕಪ್ಪಾಗಿ ಕಾಣುವುದು. ಅವು ಮಲಗುವಂತೆ ಮಾಡಲು ಬೇಸ್‌ಕೋಟಿಗೆ ಎಷ್ಟು ಥಿನ್ನರ್ ಸೇರಿಸಬೇಕು, ಕೊನೆಯ ಪದರವನ್ನು ಯಾವ ಹೊತ್ತಿನಲ್ಲಿ ಹಾಕಬೇಕು ಎಂಬೆರಡನ್ನು ನಾನು ಹೇಳುವುದಿಲ್ಲ. ಇನ್ನೂರು ಗಾಯಗಳಲ್ಲಿ ಮುಕ್ಕಾಲುಪಾಲು ಅದಕ್ಕೇ ಖರ್ಚಾದವು, ಬೇಕಾದವರು ಗುಜರಿಯಿಂದ ಒಂದು ಬಾಗಿಲು ತರಬಹುದು.

ಅದರ ಮೇಲೆ ದಿನಕ್ಕೊಂದರಂತೆ ನಾಲ್ಕು ಸಲ ಕ್ಲಿಯರ್. ನಾಲ್ಕನೆಯದರಲ್ಲಿ ಚುಕ್ಕೆ ಬೆರಳಿಗೆ ತಾಕುವಷ್ಟೇ ಉಬ್ಬಿತು. ನಂತರ ಹದಿನೈದು ದಿನ ಏನನ್ನೂ ಮಾಡಲಿಲ್ಲ. ಹೋದ ವರ್ಷದ ನನ್ನ ಸೋಲುಗಳಲ್ಲಿ ಅರ್ಧ ಈ ಹದಿನೈದು ದಿನ ಕಾಯದೆ ಇದ್ದುದರಿಂದ ಆದವು, ಯಾಕೆಂದರೆ ಥಿನ್ನರ್ ಹೊರಹೋಗುತ್ತಿರುವವರೆಗೆ ಹನಿ ಕುಗ್ಗುತ್ತಲೇ ಇರುತ್ತದೆ.

ಉಜ್ಜುವ ಉಪಕರಣದ ಬಗ್ಗೆ ನನಗೆ ತುಸು ಹೆಮ್ಮೆಯಿದೆ. ಆಫೀಸಿನಲ್ಲಿ ಕಾಗದಕ್ಕೆ ತೂತು ಹಾಕುವ ಪಂಚಿನಿಂದ 2000, 2500, 3000ರ ವಾಟರ್ ಪೇಪರಿನ ಬಿಲ್ಲೆಗಳನ್ನು ಕತ್ತರಿಸಿ, ಹೊಸ ಪೆನ್ಸಿಲ್ಲುಗಳ ಚಪ್ಪಟೆ ಹಿಂತುದಿಗೆ ಫೆವಿಕ್ವಿಕ್‌ನಿಂದ ಅಂಟಿಸಿಕೊಂಡೆ. ಚುಕ್ಕೆಯ ನಾಲ್ಕೂ ಕಡೆ ಇನ್ಸುಲೇಷನ್ ಟೇಪ್ ಒತ್ತಿ, ಸೋಪುನೀರಿನ ಒಂದು ಹನಿ ಹಾಕಿ, ಪೆನ್ಸಿಲ್ಲನ್ನು ನೆಟ್ಟಗೆ ಹಿಡಿದು, ಮಜ್ಜಿಗೆ ಕಡೆಯುವಂತೆ ಎರಡು ಬೆರಳುಗಳ ನಡುವೆ ಹಗುರವಾಗಿ ಹೊರಳಿಸಿದರೆ ಅದು ಉಬ್ಬನ್ನು ಮಾತ್ರ ತಿನ್ನುತ್ತದೆ. ಪ್ರತಿ ಹತ್ತು ಸುತ್ತಿಗೊಮ್ಮೆ ಒರೆಸಿ ನೋಡಬೇಕು: ಉಬ್ಬಿನ ನೆತ್ತಿ ಮಂಕಾಗಿ, ಅಂಚಿನಲ್ಲಿ ಹೊಳೆಯುವ ಉಂಗುರ ಉಳಿದಿದ್ದರೆ ಇನ್ನೂ ಕೆಲಸವಿದೆ, ಉಂಗುರ ಮಾಯವಾದ ಕ್ಷಣ ನಿಲ್ಲಿಸಬೇಕು. 3000ರ ನಂತರ ರಬ್ಬಿಂಗ್ ಕಾಂಪೌಂಡನ್ನು ಮೈಕ್ರೋಫೈಬರಿನಲ್ಲಿ ಕೈಯಿಂದಲೇ ತಿಕ್ಕಿದೆ. ಹದಿನೇಳನೆಯ ಚುಕ್ಕೆಯನ್ನು ಆ ಸಂಜೆ ಹುಡುಕಲು ನಾನೇ ಟಾರ್ಚ್ ಹಿಡಿಯಬೇಕಾಯಿತು.

ಖರ್ಚಿನ ಲೆಕ್ಕ ಬರೆದಿಟ್ಟಿಲ್ಲ. ಬೇಸ್‌ಕೋಟಿಗೆ 350, ಕ್ಲಿಯರ್ ಮತ್ತು ಎರಡನೆಯ ಹಾರ್ಡ್‌ನರಿಗೆ 700ರಷ್ಟು, ಮಾಸ್ಕಿಗೆ 600, ಕಾಂಪೌಂಡ್, ಪೇಪರ್, ಟೇಪ್, ಐಪಿಎ ಎಲ್ಲಕ್ಕೂ ಇನ್ನೊಂದು 700. ಒಟ್ಟು ಎರಡೂಕಾಲು ಸಾವಿರದಿಂದ ಎರಡೂವರೆ ಸಾವಿರದೊಳಗೆ ಬಂದಿರಬೇಕು. ಪೆನ್ನು, ಹಾಳಾದ ಹಾರ್ಡ್‌ನರ್, ಬಾಗಿಲು, ಆ ಫೆಂಡರಿನ 3,200 ಸೇರಿಸಿದರೆ ಗ್ಯಾರೇಜಿನವರು ಕೇಳಿದ್ದಕ್ಕಿಂತ ಜಾಸ್ತಿಯೇ ಆಯಿತೆಂದು ನನ್ನ ಭಾವಮೈದುನ ಕೂಡಿಸಿ ತೋರಿಸಿದರು. ಬಣ್ಣ ಇನ್ನೂ ಮುಕ್ಕಾಲು ಡಬ್ಬಿ ಉಳಿದಿದೆ, ಬಾನೆಟ್ಟಿನಲ್ಲಿ ಕಂಪನಿಯ ಬಣ್ಣವೂ ಉಳಿದಿದೆ ಎಂದು ನಾನು ಉತ್ತರಿಸಿದೆ.

ಏಪ್ರಿಲ್‌ನಲ್ಲಿ ಬೇರೆ ಕೆಲಸಕ್ಕೆ ವಿಲ್ಸನ್ ಗಾರ್ಡನ್ನಿಗೆ ಹೋದಾಗ ಆ ಪೇಂಟರಿಗೆ ಬಾನೆಟ್ ತೋರಿಸಿದೆ. ಅವರು ಬಗ್ಗಿ, ಟ್ಯೂಬ್‌ಲೈಟಿನ ಬಿಂಬವನ್ನು ಓರೆಯಾಗಿ ಹಿಡಿದು ನೋಡುತ್ತ, ಅಂಗೈಯನ್ನು ಬಾನೆಟ್ಟಿನ ಮೇಲೆ ನಿಧಾನವಾಗಿ ಜಾರಿಸುತ್ತ ನಾಲ್ಕು ಚುಕ್ಕೆಗಳನ್ನು ಪತ್ತೆಹಚ್ಚಿದರು. ಮೂರು ನನಗೂ ಗೊತ್ತಿದ್ದವು. ನಾಲ್ಕನೆಯದು ಲಾಂಛನದ ಮೇಲ್ಗಡೆ ಇದ್ದದ್ದು, ಅದನ್ನು ನಾನು ಗಮನಿಸಿರಲಿಲ್ಲ. ಥಿನ್ನರ್ ಎಷ್ಟು ಹಾಕಿದಿರಿ ಎಂದು ಕೇಳಿದರು. ಅವರಿಗೂ ಹೇಳಲಿಲ್ಲ.

ಬಂಪರ್ ಮಾತ್ರ ಇನ್ನೂ ಬಗ್ಗಿಲ್ಲ. ಪ್ಲಾಸ್ಟಿಕ್ಕಿಗೆ ತುಕ್ಕಿನ ಭಯವಿಲ್ಲ ಎಂಬ ಧೈರ್ಯದಲ್ಲಿ ಪ್ಲಾಸ್ಟಿಕ್ ಪ್ರೈಮರ್ ಇಲ್ಲದೆ ತುಂಬಿದ ಚುಕ್ಕೆಗಳಲ್ಲಿ ಏಳೆಂಟು, ಪ್ರೆಷರ್ ವಾಷಿನ ನೀರಿಗೆ ಬಿಲ್ಲೆಬಿಲ್ಲೆಯಾಗಿ ಹಾರಿಹೋದವು. ಪ್ರೈಮರ್ ಹಾಕಿ ಮತ್ತೆ ತುಂಬಿದ ಆರು ಇಲ್ಲಿಯವರೆಗೆ ನಿಂತಿವೆ. ಬಾನೆಟ್ಟಿನ ಮೇಲೆ ನೆಲಮಂಗಲದ ಆಚೆ ಸಂಪಾದಿಸಿದ ಐದು ಹೊಸ ಕಲ್ಲೇಟುಗಳಿವೆ. ಈಗ ಮತ್ತೆ ಆಷಾಢವಾದ್ದರಿಂದ, ಬಿಸಿಲು ಬಿದ್ದ ಒಂದು ಮಧ್ಯಾಹ್ನ ಅವಕ್ಕೆ ಪ್ರೈಮರ್ ಮುಟ್ಟಿಸಿ, ಮೇಲೆ ಟೇಪ್ ಅಂಟಿಸಿ ಬಿಟ್ಟಿದ್ದೇನೆ.